ಹ್ಯಾವ್: ರೂಪ ಒಂದೇ, ಕ್ರಿಯಾಪದ ಎರಡು

ಇಂಗ್ಲಿಷ್ ನಿಘಂಟಿನಲ್ಲಿ ‘ಹ್ಯಾವ್’ ಪದದ ಅರ್ಥಗಳ ಪಟ್ಟಿ ಉದ್ದವಾಗಿರುತ್ತದೆ. ಅದನ್ನು ಬಾಯಿಪಾಠ ಮಾಡಿದರೂ ವಾಕ್ಯ ತಪ್ಪುತ್ತದೆ. ಯಾಕೆಂದರೆ ತೊಡಕು ಇರುವುದು ಅರ್ಥದಲ್ಲಲ್ಲ. ಹ್ಯಾವ್, ಹ್ಯಾಸ್, ಹ್ಯಾಡ್ ಎಂಬ ಮೂರು ರೂಪಗಳ ಒಳಗೆ ಎರಡು ಕ್ರಿಯಾಪದಗಳು ಕೂತಿವೆ. ಒಂದು ತಾನೇ ಅರ್ಥ ಹೇಳುವ ಮುಖ್ಯ ಕ್ರಿಯಾಪದ; ಇನ್ನೊಂದು ಬೇರೆ ಕ್ರಿಯಾಪದದ ಜೊತೆ ಸೇರಿ ಕಾಲವನ್ನಷ್ಟೇ ತೋರಿಸುವ ಸಹಾಯಕ.

ಯಾವುದು ಯಾವುದೆಂದು ತಿಳಿಯಲು ವಾಕ್ಯವನ್ನು ಪ್ರಶ್ನೆಯಾಗಿಸಿ. ‘ಶೀ ಹ್ಯಾಸ್ ಎ ಕಾರ್’ ಎಂಬುದು ‘ಡಸ್ ಶೀ ಹ್ಯಾವ್ ಎ ಕಾರ್?’ ಆಗುತ್ತದೆ. ಡಸ್ ಬಂತು, ಅಂದರೆ ಇದು ಮುಖ್ಯ ಕ್ರಿಯಾಪದ. ‘ಶೀ ಹ್ಯಾಸ್ ಸೋಲ್ಡ್ ದ ಕಾರ್’ ಆದರೆ ‘ಹ್ಯಾಸ್ ಶೀ ಸೋಲ್ಡ್ ದ ಕಾರ್?’. ಹ್ಯಾಸ್ ತಾನೇ ಎದ್ದು ಮುಂದೆ ಬಂತು, ಇದು ಸಹಾಯಕ. ‘ಡಸ್ ಶೀ ಹ್ಯಾಸ್’ ಎನ್ನುವುದು ತಪ್ಪು. ಏಕವಚನದ ಗುರುತನ್ನು ‘ಡಸ್’ ಆಗಲೇ ಹೊತ್ತುಕೊಂಡಿದೆ, ಹಿಂದೆ ಉಳಿಯುವುದು ಬರಿಯ ಹ್ಯಾವ್. ‘ಹ್ಯಾವ್ ಯೂ ಎನಿ ಮನಿ?’ ಎಂಬ ಹಳೆಯ ಬ್ರಿಟಿಷ್ ರೂಢಿ ಪುಸ್ತಕಗಳಲ್ಲಿ ಕಾಣಿಸುತ್ತದೆ. ಓದಿದಾಗ ಅರ್ಥವಾದರೆ ಸಾಕು, ಬಳಸಬೇಕಿಲ್ಲ.

ಮುಖ್ಯ ಕ್ರಿಯಾಪದವಾಗಿ ಬಂದಾಗ ನಮಗೆ ಕಷ್ಟವಾಗಲು ಕಾರಣವಿದೆ. ಕನ್ನಡದಲ್ಲಿ ಈ ಕೆಲಸಕ್ಕೆ ಬೇರೆ ಕ್ರಿಯಾಪದವೇ ಇಲ್ಲ. ವಿಭಕ್ತಿ ಮತ್ತು ‘ಇರು’ ಸೇರಿ ಅದನ್ನು ಮಾಡುತ್ತವೆ. ನನಗೆ ಜ್ವರ ಇದೆ, ನನ್ನ ಹತ್ತಿರ ಪೆನ್ನಿದೆ, ಮನೆಗೆ ಎರಡು ಬಾಗಿಲಿವೆ, ಅವನಿಗೆ ಇಬ್ಬರು ತಮ್ಮಂದಿರಿದ್ದಾರೆ: ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಹ್ಯಾವ್ ಒಂದೇ. ಕೊನೆಯ ವಾಕ್ಯ ನೋಡಿ. ‘ಇದ್ದಾರೆ’ ಎಂಬ ಬಹುವಚನ ತಮ್ಮಂದಿರನ್ನು ಅನುಸರಿಸಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಅನುಸರಿಸುವುದು ‘ಅವನ’ನ್ನು. ಆದ್ದರಿಂದ ತಮ್ಮಂದಿರು ಎಷ್ಟೇ ಜನರಿರಲಿ, ‘ಹೀ ಹ್ಯಾಸ್’.

‘ಐ ಆ್ಯಮ್ ಹ್ಯಾವಿಂಗ್ ಎ ಡೌಟ್’ ಎಂಬುದನ್ನು ಎಲ್ಲೆಲ್ಲೂ ಕೇಳುತ್ತೇವೆ. ಹ್ಯಾವಿಂಗ್ ಸದಾ ತಪ್ಪೆಂದು ಹೇಳಿಕೊಡುವವರೂ ಇದ್ದಾರೆ, ಅದೂ ಸರಿಯಲ್ಲ. ಕನ್ನಡದಲ್ಲಿ ಬರೀ ‘ಇದೆ’ ಎನ್ನುವ ಕಡೆ ಹ್ಯಾವಿಂಗ್ ಬೇಡ. ತಿನ್ನು, ಕುಡಿ, ನಡೆಸು, ಅನುಭವಿಸು ಎಂದು ಹೇಳಬಹುದಾದರೆ ಧಾರಾಳವಾಗಿ ಬರಲಿ: ‘ವೀ ಆರ್ ಹ್ಯಾವಿಂಗ್ ಲಂಚ್’, ‘ದೇ ಆರ್ ಹ್ಯಾವಿಂಗ್ ಎ ಮೀಟಿಂಗ್’. ‘ಶೀ ಹ್ಯಾಸ್ ಎ ಬೇಬಿ’ ಅಂದರೆ ಆಕೆಗೆ ಮಗುವಿದೆ; ‘ಶೀ ಈಸ್ ಹ್ಯಾವಿಂಗ್ ಎ ಬೇಬಿ’ ಅಂದರೆ ಗರ್ಭಿಣಿ, ಅಥವಾ ಈಗ ಹೆರಿಗೆಯಾಗುತ್ತಿದೆ.

ಸಹಾಯಕ ಹ್ಯಾವ್ ಮುಂದೆ ಕ್ರಿಯಾಪದದ ಮೂರನೆಯ ರೂಪ ಬರುತ್ತದೆ: ಸೀನ್, ಗಾನ್, ಈಟನ್. ವರ್ತಮಾನದ ಹ್ಯಾವ್ ಅಥವಾ ಹ್ಯಾಸ್ ಇದ್ದರೆ, ಮುಗಿದುಹೋದ ಸಮಯವನ್ನು ಹೆಸರಿಸುವಂತಿಲ್ಲ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ತಪ್ಪು, ‘ಐ ಸಾ ಹಿಮ್ ಯೆಸ್ಟರ್ಡೇ’ ಸರಿ. ಎರಡೂ ಹ್ಯಾವ್‌ಗಳು ಒಟ್ಟಿಗೆ ಬಂದಾಗ ‘ಹ್ಯಾಡ್ ಹ್ಯಾಡ್’ ಆಗುತ್ತದೆ. ಮುದ್ರಣದೋಷದಂತೆ ಕಂಡರೂ ದೋಷವಲ್ಲ. ಮೊದಲನೆಯದು ಸಹಾಯಕ, ಎರಡನೆಯದು ಮುಖ್ಯ. ಇನ್ನು ಶುಡ್, ಮಸ್ಟ್, ವುಡ್ ಆದ ಮೇಲೆ ಕರ್ತೃ ಯಾರೇ ಆಗಿರಲಿ ಹ್ಯಾವ್ ಮಾತ್ರ: ‘ಹೀ ಮಸ್ಟ್ ಹ್ಯಾವ್ ಗಾನ್’. ಮಾತಿನಲ್ಲಿ ಇದು ಸವೆದು ‘ಅವ್’ ಎಂದಷ್ಟೇ ಕೇಳುವುದರಿಂದ, ಇಂಗ್ಲಿಷ್ ಮನೆಮಾತಾಗಿರುವವರೇ ‘ಶುಡ್ ಆಫ್’ ಎಂದು ಬರೆದುಬಿಡುತ್ತಾರೆ.

ನನ್ನ ಪ್ರಕಾರ ಹೆಚ್ಚು ಸ್ವಾರಸ್ಯವಿರುವುದು ಪದಗಳ ಜಾಗ ಬದಲಾದಾಗ. ‘ಐ ಹ್ಯಾಡ್ ಕಟ್ ಮೈ ಹೇರ್’: ನಾನೇ ಕೂದಲು ಕತ್ತರಿಸಿಕೊಂಡಿದ್ದೆ. ‘ಐ ಹ್ಯಾಡ್ ಮೈ ಹೇರ್ ಕಟ್’: ಬೇರೆಯವರಿಂದ ಕತ್ತರಿಸಿಕೊಂಡೆ. ಎರಡರಲ್ಲೂ ಅವೇ ಐದು ಪದಗಳು. ನಾಮಪದ ಮಧ್ಯಕ್ಕೆ ಬಂದ ಕೂಡಲೇ ಹ್ಯಾಡ್ ಸಹಾಯಕನ ಕೆಲಸ ಬಿಟ್ಟು ಮುಖ್ಯ ಕ್ರಿಯಾಪದವಾಯಿತು. ಪ್ರಶ್ನೆ ಕೇಳಿದರೆ ‘ಡಿಡ್ ಯೂ ಹ್ಯಾವ್ ಯುವರ್ ಹೇರ್ ಕಟ್?’. ಮಾಡಿಸು, ಹೊಲಿಸು, ಕಟ್ಟಿಸು ಎಂದು ನಾವು ‘ಇಸು’ ಹಚ್ಚಿ ಹೇಳುವುದೇ ಇದು. ಕನ್ನಡದಲ್ಲಿ ಎಂದೂ ತಪ್ಪದ ಈ ವ್ಯತ್ಯಾಸವನ್ನು ಇಂಗ್ಲಿಷಿಗೆ ಹೋದೊಡನೆ ಕೈಬಿಟ್ಟು, ಫೋನ್ ರಿಪೇರಿ ಮಾಡಿಸಿದವರೂ ‘ಐ ರಿಪೇರ್ಡ್ ಮೈ ಫೋನ್’ ಎನ್ನುತ್ತಾರೆ. ಕೇಳಿದವರು ಅವರನ್ನು ಮೆಕ್ಯಾನಿಕ್ ಅಂದುಕೊಂಡಾರು!

ಯಾರಿಂದ ಮಾಡಿಸಿದ್ದೆಂದು ಹೇಳಬೇಕಾದರೆ ‘ಐ ಹ್ಯಾಡ್ ದ ಮೆಕ್ಯಾನಿಕ್ ಚೆಕ್ ದ ಇಂಜಿನ್’. ಇಲ್ಲಿ ‘ಚೆಕ್’ಗೆ ಮುಂಚೆ ‘ಟು’ ಇಲ್ಲ. ಹ್ಯಾಡ್ ಬದಲು ‘ಗಾಟ್’ ಬಳಸಿದರೆ ಮಾತ್ರ ‘ಟು’ ಬೇಕು. ಆದರೆ ‘ಶೀ ಹ್ಯಾಡ್ ಹರ್ ಬ್ಯಾಗ್ ಸ್ಟೋಲನ್’ ಎಂದರೆ ಆಕೆ ಬ್ಯಾಗ್ ಕದಿಸಿದಳು ಎಂದಲ್ಲ, ಆಕೆಯ ಬ್ಯಾಗ್ ಕಳುವಾಯಿತು ಎಂದು. ರಚನೆ ಅದೇ, ಮಾಡಿಸಿದ್ದೋ ಸಂಭವಿಸಿದ್ದೋ ಎಂಬುದನ್ನು ಸಂದರ್ಭ ನೋಡಿಯೇ ತಿಳಿಯಬೇಕು.

‘ಹ್ಯಾವ್ ಟು’ ಅಂದರೆ ‘ಬೇಕು’. ಇದಕ್ಕೂ ಪ್ರಶ್ನೆಯಲ್ಲಿ, ನಿಷೇಧದಲ್ಲಿ ಡೂ ಬರುತ್ತದೆ. ‘ಯೂ ಡೋಂಟ್ ಹ್ಯಾವ್ ಟು ಕಮ್’ ಎಂದರೆ ನೀವು ಬರಬೇಕಿಲ್ಲ. ‘ಯೂ ಮಸ್ಟ್ ನಾಟ್ ಕಮ್’ ಎಂದರೆ ಬರಬಾರದು. ಅದಲುಬದಲಾದರೆ ಅತಿಥಿಗಳು ಮುನಿಸಿಕೊಳ್ಳುತ್ತಾರೆ. ಉಚ್ಚಾರಣೆಯಲ್ಲಿ ಇದು ‘ಹ್ಯಾಫ್‌ಟು’. ‘ದಿಸ್ ಈಸ್ ವಾಟ್ ಐ ಹ್ಯಾವ್ ಟು ಈಟ್’ ಎಂಬುದನ್ನು ಫಕಾರದಲ್ಲಿ ಹೇಳಿದರೆ ನಾನು ತಿನ್ನಬೇಕಾದದ್ದು ಇದು. ವಕಾರ ಉಳಿಸಿ ಹೇಳಿದರೆ ತಿನ್ನಲು ನನ್ನ ಹತ್ತಿರ ಇರುವುದು ಇದು.

‘ಹ್ಯಾಡ್ ಬೆಟರ್’ ಇವುಗಳ ಸಾಲಿಗೆ ಸೇರುವುದಿಲ್ಲ. ಹ್ಯಾಡ್ ಇದ್ದರೂ ಭೂತಕಾಲವಲ್ಲ, ಮುಂದೆ ‘ಟು’ ಬಾರದು: ‘ಯೂ ಹ್ಯಾಡ್ ಬೆಟರ್ ಗೋ’, ಅಂದರೆ ಈಗ ಹೊರಡುವುದು ಒಳ್ಳೆಯದು. ದನಿಯಲ್ಲಿ ಸಲಹೆಗಿಂತ ಎಚ್ಚರಿಕೆಯೇ ಜಾಸ್ತಿ, ಹಾಗಾಗಿ ಹಿರಿಯರಿಗೆ, ಮೇಲಧಿಕಾರಿಗಳಿಗೆ ಬರೆಯುವಾಗ ‘ಯೂ ಶುಡ್’ ಎಂದರೂ ಇದಕ್ಕಿಂತ ಮೆತ್ತಗಿರುತ್ತದೆ.