‘ಬರ್ಡ್’ ಚಿತ್ರದಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು ಯಾರು?

ವರ್ಷಕ್ಕೆ ಒಂದೆರಡು ಬಾರಿಯಾದರೂ ಸ್ನೇಹಿತರೊಬ್ಬರ ಮನೆಯ ಹಜಾರದಲ್ಲಿ ಹತ್ತು ಹನ್ನೆರಡು ಜನರನ್ನು ಕೂಡಿಸಿ, ಗೋಡೆಗೆ ಬಿಳಿಯ ಪಂಚೆ ಕಟ್ಟಿ, ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದ ‘ಬರ್ಡ್’ ಚಿತ್ರವನ್ನು ತೋರಿಸುತ್ತಾ ಬಂದಿದ್ದೇನೆ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಬದುಕನ್ನು ಕುರಿತು 1988ರಲ್ಲಿ ತೆರೆಕಂಡ ಈ ಚಿತ್ರ ಎರಡು ಗಂಟೆ ನಲವತ್ತು ನಿಮಿಷ ಓಡುತ್ತದೆ. ಅದರಲ್ಲಿ ಅರ್ಧ ಕತ್ತಲೆ, ಉಳಿದರ್ಧ ಮಳೆ ಎಂದು ನೋಡಿದವರೊಬ್ಬರು ತಮಾಷೆ ಮಾಡಿದ್ದುಂಟು. ಚಿತ್ರ ಮುಗಿದು ದೀಪ ಹಾಕಿದ ಕೂಡಲೇ ಬರುವ ಪ್ರಶ್ನೆ ಮಾತ್ರ ಪ್ರತಿ ಸಲವೂ ಒಂದೇ: ‘ಆ ನಟ ನಿಜವಾಗಿಯೂ ನುಡಿಸಿದ್ದಾರಾ, ಇಲ್ಲ ಸುಮ್ಮನೆ ಬೆರಳಾಡಿಸಿದ್ದಾರಾ?’ ಚಿತ್ರಗಳ ಧ್ವನಿ ಮಿಶ್ರಣ ನನ್ನ ಹೊಟ್ಟೆಪಾಡಿನ ಕೆಲಸವಾದ್ದರಿಂದ ಪ್ರಶ್ನೆ ನೇರವಾಗಿ ನನ್ನ ಕಡೆಗೇ ಬರುತ್ತದೆ. ಅಲ್ಲಿ ನಿಂತ ನಿಲುವಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಒಂದೇ ವಾಕ್ಯದಲ್ಲಿ ಹೇಳುವುದಾದರೆ, ತೆರೆಯ ಮೇಲಿನ ಬೆರಳು, ಕೆನ್ನೆ, ಬೆವರು ಎಲ್ಲವೂ ಪಾರ್ಕರ್ ಪಾತ್ರ ಮಾಡಿದ ನಟ ಫಾರೆಸ್ಟ್ ವಿಟೇಕರ್ ಅವರವು. ಕಿವಿಗೆ ಬೀಳುವ ನಾದ ಬಹುಪಾಲು ಸ್ವತಃ ಚಾರ್ಲಿ ಪಾರ್ಕರ್ ಅವರದು. ಅಲ್ಲಿಗೆ ಮಾತು ಮುಗಿಯಬೇಕಿತ್ತು, ಆದರೆ ಮುಗಿಯುವುದಿಲ್ಲ. ಏಕೆಂದರೆ ಪಾರ್ಕರ್ 1955ರ ಮಾರ್ಚ್ 12ರಂದೇ ತೀರಿಕೊಂಡಿದ್ದರು.

ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಅಭಿನಯಿಸುವುದು ಕನ್ನಡದ ಪ್ರೇಕ್ಷಕರಿಗೆ ಹೊಸದೇನಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ರಾಜ್‌ಕುಮಾರ್ ಅವರೇ ಹಾಡುತ್ತಿದ್ದಾರೆಂದು ಒಂದು ತಲೆಮಾರು ಮನಸಾರೆ ಒಪ್ಪಿಕೊಂಡಿತ್ತು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ಅವರ ಕೈಯಲ್ಲಿದ್ದ ಸನಾದಿಗೆ ನಾದ ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಎಂಬುದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ಯಾರಿಗೂ ಅದು ಮೋಸವೆನಿಸಲಿಲ್ಲ, ಬದಲಿಗೆ ಅದೇ ಒಂದು ಹೆಮ್ಮೆಯಾಯಿತು. ಆದರೆ ಬಿಸ್ಮಿಲ್ಲಾ ಖಾನರಿಗೆ ಸನ್ನಿವೇಶವನ್ನು ವಿವರಿಸಿ, ಇಲ್ಲಿ ಇಷ್ಟು ದುಃಖ ಬೇಕು, ಇಲ್ಲಿ ಇಷ್ಟು ಹೊತ್ತು ಬೇಕು ಎಂದು ಕೇಳುವ ಅವಕಾಶ ಆ ಚಿತ್ರದವರಿಗಿತ್ತು. ಈಸ್ಟ್‌ವುಡ್ ಅವರ ಮುಂದಿದ್ದ ವಾದಕರು ಸತ್ತು ಮೂರು ದಶಕಗಳಾಗಿದ್ದವು. ಅವರು ಬಿಟ್ಟುಹೋದದ್ದು ಗರಗರ ಸದ್ದಿನ ಹಳೆಯ ಮುದ್ರಣಗಳನ್ನು, ಅವುಗಳಲ್ಲಿ ಎಲ್ಲ ವಾದ್ಯಗಳೂ ಒಂದೇ ಹಾದಿಯಲ್ಲಿ ಕಲಸಿಕೊಂಡಿದ್ದವು.

ಪಾರ್ಕರ್ ಯಾರೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. 1920ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಹುಟ್ಟಿದ ಅವರು, 1940ರ ದಶಕದಲ್ಲಿ ಡಿಝಿ ಗಿಲೆಸ್ಪಿಯವರಂತಹ ಕೆಲವು ಸಂಗಡಿಗರೊಂದಿಗೆ ನ್ಯೂಯಾರ್ಕ್‌ನಲ್ಲಿ ‘ಬೀಬಾಪ್’ ಎಂಬ ಮಿಂಚಿನ ವೇಗದ, ತೊಡಕಿನ ನಡೆಯ ಜಾಝ್ ಶೈಲಿಯನ್ನು ಕಟ್ಟಿದರು; ಹೆರಾಯಿನ್ ಮತ್ತು ಮದ್ಯಕ್ಕೆ ದೇಹವನ್ನು ತೆತ್ತರು. ಸತ್ತಾಗ ವಯಸ್ಸು 34. ಶವವನ್ನು ನೋಡಿದ ವೈದ್ಯರು ಐವತ್ತು ದಾಟಿದವರೆಂದು ಅಂದಾಜು ಮಾಡಿದ್ದರು. ಹದಿಹರೆಯದಲ್ಲಿ ಒಮ್ಮೆ ಅವರು ವೇದಿಕೆಯ ಮೇಲೆ ತಾಳ ತಪ್ಪಿದಾಗ ಡ್ರಮ್ಸ್ ವಾದಕ ಜೋ ಜೋನ್ಸ್ ಸಿಟ್ಟಿನಿಂದ ಒಂದು ತಾಳದ ತಟ್ಟೆಯನ್ನು ಕಾಲಬುಡಕ್ಕೆ ಎಸೆದರೆಂಬ ಕಥೆ ಜಾಝ್ ವಲಯದಲ್ಲಿ ಪ್ರಸಿದ್ಧ. ಚಿತ್ರದಲ್ಲಿ ಆ ತಟ್ಟೆ ಕತ್ತಲೆಯಲ್ಲಿ ತಿರುಗುತ್ತಾ ಮತ್ತೆ ಮತ್ತೆ ಹಾರಿ ಬರುತ್ತದೆ. ಇಷ್ಟು ಸಲ ಬೇಕಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಗೀತದ ಹೊಣೆ ಹೊತ್ತಿದ್ದ ಲೆನ್ನಿ ನೀಹೌಸ್ ಸ್ವತಃ ಆಲ್ಟೊ ಸ್ಯಾಕ್ಸೋಫೋನ್ ವಾದಕರು. ಪಾರ್ಕರ್ ಅವರ ಮುದ್ರಣಗಳಿಂದ ಸ್ಯಾಕ್ಸೋಫೋನನ್ನು ಮಾತ್ರ ವಿದ್ಯುನ್ಮಾನ ಉಪಕರಣಗಳಿಂದ ಬೇರ್ಪಡಿಸಿ, ಉಳಿದ ವಾದ್ಯಗಳನ್ನು ಅಳಿಸಿ, ಅದರ ಸುತ್ತ ಚಿತ್ರ ತಯಾರಾದ ಕಾಲದ ವಾದಕರಿಂದ ಹೊಸದಾಗಿ ನುಡಿಸಿ, ಸ್ಟೀರಿಯೋದಲ್ಲಿ ಮುದ್ರಿಸುವುದು ಅವರ ಮತ್ತು ಈಸ್ಟ್‌ವುಡ್ ಅವರ ಯೋಜನೆಯಾಗಿತ್ತು. ಇಂದು ಫೋನಿನಲ್ಲಿರುವ ಆ್ಯಪ್ ಒಂದು ನಿಮಿಷದಲ್ಲಿ ಹಾಡಿನಿಂದ ಕಂಠವನ್ನು ಬಿಡಿಸಿಕೊಡುವ ಕಾಲದಲ್ಲಿ ಇದು ದೊಡ್ಡ ಮಾತೆನಿಸದಿರಬಹುದು. 1987ರ ಹೊತ್ತಿಗೆ ಕೈಯಲ್ಲಿದ್ದದ್ದು ಫಿಲ್ಟರುಗಳು ಮತ್ತು ಅಪಾರ ತಾಳ್ಮೆ.

ಅದು ಎಷ್ಟು ಕಷ್ಟವೆಂಬುದು ನನಗೆ ತಿಳಿದದ್ದು ನನ್ನ ಸೋದರಮಾವನ ಕ್ಯಾಸೆಟ್ಟಿನಿಂದ. ಮಾವ ಯಕ್ಷಗಾನದ ಭಾಗವತರಾಗಿದ್ದರು. ರಂಗಸ್ಥಳದ ಪಕ್ಕದಲ್ಲಿ ಯಾರೋ ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿದ್ದ ಒಂದು ರಾತ್ರಿಯ ಆಟದ ಕ್ಯಾಸೆಟ್ ಮಾತ್ರ ಮನೆಯಲ್ಲಿ ಉಳಿದಿತ್ತು. ಅದರಿಂದ ಅವರ ಧ್ವನಿಯನ್ನಷ್ಟೇ ಎತ್ತಿಕೊಡುವೆನೆಂದು ಅತ್ತೆಗೆ ಮಾತು ಕೊಟ್ಟು, ಕೆಲಸ ಕಲಿಯುತ್ತಿದ್ದ ಹುಮ್ಮಸ್ಸಿನಲ್ಲಿ ಕುಳಿತೆ. ಕೆಳಗಿನ ಕಂಪನಗಳನ್ನು ಕತ್ತರಿಸಿದಾಗ ಮದ್ದಳೆಯ ಗುಂಕಾರ ಹೋಯಿತು, ಅದರೊಂದಿಗೆ ಮಾವನ ಎದೆಯ ಧ್ವನಿಯೂ ತೆಳುವಾಯಿತು. ಚೆಂಡೆಯ ಪೆಟ್ಟು ಇದ್ದ ಮೇಲಿನ ಪಟ್ಟಿಯನ್ನು ಇಳಿಸಿದರೆ ಚೆಂಡೆ ಪೂರ್ತಿ ಹೋಗಲಿಲ್ಲ, ಆದರೆ ಸಕಾರ ಶಕಾರಗಳೆಲ್ಲ ಮಾಯವಾಗಿ ಕಂಬಳಿ ಹೊದ್ದು ಹಾಡಿದಂತಾಯಿತು. ಮೂರು ದಿನ ಹೆಣಗಿ ಕೇಳಿಸಿದಾಗ ಅತ್ತೆ ಅರ್ಧ ನಿಮಿಷ ಕೇಳಿ, ‘ಚೆಂಡೆ ಇಲ್ಲದೆ ಅವರು ಪದ ಹೇಳಿದ್ದೇ ಇಲ್ಲ ಮಾರಾಯ, ಇದು ಯಾರದ್ದೋ ಸ್ವರ’ ಎಂದರು.

ಸ್ಯಾಕ್ಸೋಫೋನಿನ ವಿಷಯದಲ್ಲೂ ತೊಂದರೆ ಇದೇ ಬಗೆಯದು. ಬಾಸ್ ವಾದ್ಯ ಹೆಚ್ಚಾಗಿ ಕೆಳಗಿರುವುದರಿಂದ ಅದನ್ನು ಬಹುಮಟ್ಟಿಗೆ ತೆಗೆಯಬಹುದು. ಪಿಯಾನೋ ಮಾತ್ರ ಸ್ಯಾಕ್ಸೋಫೋನು ಓಡಾಡುವ ಸ್ಥಾಯಿಗಳಲ್ಲೇ ಓಡಾಡುತ್ತದೆ. ಇನ್ನು ತಾಳದ ತಟ್ಟೆಗಳ ಝೇಂಕಾರವನ್ನು ಅಳಿಸಲು ಹೋದರೆ ಸ್ಯಾಕ್ಸೋಫೋನಿಗೆ ಅದರ ಮೊನಚನ್ನು ಕೊಡುವ ಮೇಲಿನ ಸ್ವರಾಂಶಗಳೂ ಸವೆದುಹೋಗುತ್ತವೆ. ಎಷ್ಟು ಜಾಲಾಡಿದರೂ ತಳದಲ್ಲಿ ಹಳೆಯ ವಾದ್ಯಗಳ ಚೂರುಪಾರು ಉಳಿಯುತ್ತದೆ. ಅದೇ ಗತಿಯಲ್ಲಿ, ಅದೇ ಸ್ವರಮೇಳದಲ್ಲಿ ಹೊಸ ವಾದ್ಯಗಳು ಮೇಲೆ ಕುಳಿತರೆ ಆ ಉಳಿಕೆ ಅವುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಒಳ್ಳೆಯ ಮುದ್ರಣವೇ ಸಿಗದ ಕಡೆ ಚಾರ್ಲ್ಸ್ ಮೆಕ್‌ಫರ್ಸನ್ ಎಂಬ ಆಲ್ಟೊ ವಾದಕರು ನುಡಿಸಿದರು. ಗಿಲೆಸ್ಪಿಯವರ ಟ್ರಂಪೆಟ್ಟನ್ನು ಜಾನ್ ಫ್ಯಾಡಿಸ್ ನುಡಿಸಿದರು. ಈ ಇಡೀ ಸಾಹಸಕ್ಕೆ ಅತ್ಯುತ್ತಮ ಧ್ವನಿಗಾಗಿ ಆಸ್ಕರ್ ಬಂತು. ಆ ವಿಭಾಗದ ಪ್ರಶಸ್ತಿ ಅನೇಕ ಸಲ ಬಂದೂಕು, ಬಾಂಬುಗಳ ಸದ್ದಿಗೆ ಹೋಗುವುದನ್ನು ಕಂಡಿರುವ ನನ್ನಂಥವರಿಗೆ ಅದೊಂದು ಸಂತೋಷ.

ಆದರೂ ಅತ್ತೆಯ ಮಾತು ನನ್ನನ್ನು ಬಿಟ್ಟಿಲ್ಲ. ಜಾಝ್‌ನಲ್ಲಿ ಮನೋಧರ್ಮ ಒಬ್ಬರದಲ್ಲ. ಕಛೇರಿಯಲ್ಲಿ ಗಾಯಕರು ಸ್ವರಪ್ರಸ್ತಾರವನ್ನು ಎತ್ತಿದಾಗ ಪಿಟೀಲಿನವರು ಕೊಟ್ಟ ಉತ್ತರದಿಂದ ಮುಂದಿನ ಸುತ್ತು ಬದಲಾಗುವಂತೆ, ಪಾರ್ಕರ್ ಅವರ ಪ್ರತಿಯೊಂದು ತಿರುವಿನ ಹಿಂದೆಯೂ ಆ ಕ್ಷಣದಲ್ಲಿ ಡ್ರಮ್ಸ್ ಮಾಡಿದ ಒಂದು ಕೀಟಲೆ, ಪಿಯಾನೋ ಒಡ್ಡಿದ ಒಂದು ಸ್ವರಮೇಳ ಇರುತ್ತದೆ. 1945ರ ನವೆಂಬರಿನಲ್ಲಿ ಮುದ್ರಿಸಿದ ‘ಕೋ ಕೋ’ ಕೇಳಿದರೆ, ಉಸಿರು ಕಟ್ಟುವ ವೇಗದಲ್ಲಿ ಪಾರ್ಕರ್ ಮತ್ತು ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಪರಸ್ಪರ ತಿವಿಯುತ್ತಾ ಓಡುವುದು ಗೊತ್ತಾಗುತ್ತದೆ. ಚಿತ್ರದ ವಿಧಾನದಲ್ಲಿ ತಿವಿದವರನ್ನು ತೆಗೆದು, ತಿವಿತಕ್ಕೆ ಬೆಚ್ಚಿದವರನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಹೊಸ ಪಕ್ಕವಾದ್ಯದವರು ಸಾಮಾನ್ಯರೇನಲ್ಲ. ರಾನ್ ಕಾರ್ಟರ್, ಬ್ಯಾರಿ ಹ್ಯಾರಿಸ್ ಅಂಥವರು, ರೇ ಬ್ರೌನ್ ಅಂತೂ ಪಾರ್ಕರ್ ಬದುಕಿದ್ದಾಗಲೇ ಅವರೊಂದಿಗೆ ಬಾಸ್ ನುಡಿಸಿದ್ದವರು. ಇವರು ಪಾರ್ಕರ್ ಅವರ ನಾದವನ್ನು ಕೇಳಬಲ್ಲರು, ಇವರ ನಾದವನ್ನು ಪಾರ್ಕರ್ ಕೇಳಲಾರರು. ಹಾಗಾಗಿ ಚಿತ್ರದ ಸಂಗೀತದಲ್ಲಿ ಎಲ್ಲವೂ ಸ್ಫುಟ, ಎಲ್ಲವೂ ಒಪ್ಪ, ಆದರೆ ಅಪಾಯವಿಲ್ಲ. ಸತ್ತವರಿಗೆ ಸೋಂಕು ತಗಲದಂತೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ನುಡಿಸಿದಂತೆ ನನಗೆ ಕೆಲವೊಮ್ಮೆ ಕೇಳಿಸುತ್ತದೆ.

ನಟನ ಕೆಲಸದ ಬಗ್ಗೆ ನನಗೆ ಅಂಥ ತಕರಾರಿಲ್ಲ. ವಿಟೇಕರ್ ಸ್ಯಾಕ್ಸೋಫೋನ್ ಪಾಠ ಹೇಳಿಸಿಕೊಂಡರು. ಒಂದು ಮಂಚ, ಒಂದು ಸೋಫಾ ಮತ್ತು ವಾದ್ಯ ಬಿಟ್ಟರೆ ಬೇರೇನೂ ಇಲ್ಲದ ಕೋಣೆಯಲ್ಲಿ ಒಬ್ಬರೇ ಇದ್ದುಕೊಂಡು ಅಭ್ಯಾಸ ಮಾಡಿದರು. 1988ರ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಂದಿತು. ಹಾಡುವ ತುಟಿ ಎರಡು ಫ್ರೇಮ್ ತಪ್ಪಿದರೂ ಡಬ್ಬಿಂಗ್ ಕೋಣೆಯಲ್ಲಿ ನಾವು ಹಿಡಿದುಬಿಡುತ್ತೇವೆ. ಊದುವ ವಾದ್ಯದಲ್ಲಿ ನಾಲಿಗೆ ಒಳಗಿರುವುದರಿಂದ ಕಳ್ಳತನ ಸುಲಭವೆಂದು ಕಾಣುತ್ತದೆ, ಆದರೆ ಅಲ್ಲಿ ಸಿಕ್ಕಿಬೀಳುವುದು ಉಸಿರಿನಲ್ಲಿ. ಸ್ವರ ಹುಟ್ಟುವ ಮುಂಚೆ ವಾದಕರ ಭುಜ ಏರಬೇಕು, ವಾಕ್ಯ ಮುಗಿಯುವ ಹೊತ್ತಿಗೆ ಹೊಟ್ಟೆ ಬರಿದಾಗಿರಬೇಕು. ಅನೇಕ ನಟರು ಸ್ವರ ಕೇಳಿಸಿದ ಮೇಲೆ ಊದಲು ಶುರುಮಾಡುತ್ತಾರೆ. ವಿಟೇಕರ್ ಪಾರ್ಕರ್ ಅವರ ವಿರಾಮಗಳನ್ನು ಬಾಯಿಪಾಠ ಮಾಡಿದ್ದಾರೆ. ಪಾರ್ಕರ್ ಉಸಿರೆಳೆದುಕೊಂಡಲ್ಲೇ ಅವರೂ ಎಳೆದುಕೊಳ್ಳುತ್ತಾರೆ. ಮುಂದಿನ ಸಲ ನೋಡುವವರು ಬೆರಳು ಬಿಟ್ಟು ಭುಜವನ್ನು ನೋಡಬೇಕೆಂದು ನನ್ನ ಶಿಫಾರಸು.

ಮುದ್ರಣಗಳು ಎಲ್ಲಿಂದ ಬಂದವು ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ಚಿತ್ರದ ಕಥೆ ಹೀಗೇಕಿದೆ ಎಂಬುದಕ್ಕೆ ಒಂದು ಸುಳಿವು ಅಲ್ಲಿದೆ. ಪಾರ್ಕರ್ ಅವರ ಕೊನೆಯ ವರ್ಷಗಳ ಸಂಗಾತಿ ಚಾನ್ ಪಾರ್ಕರ್ ತಮ್ಮ ಬಳಿ ಜೋಪಾನವಾಗಿಟ್ಟಿದ್ದ ಖಾಸಗಿ ಟೇಪುಗಳನ್ನು ಚಿತ್ರಕ್ಕೆ ಕೊಟ್ಟರು. ಆಗಿನ್ನೂ ಪ್ರಕಟವಾಗದಿದ್ದ ಅವರ ಆತ್ಮಕಥೆಯನ್ನೂ ಚಿತ್ರ ಬಳಸಿಕೊಂಡಿತು. ಟೇಪಿನ ಪೆಟ್ಟಿಗೆ ಯಾರ ಮನೆಯಲ್ಲಿತ್ತೋ ಆ ಮನೆಯ ಕಿಟಕಿಯಿಂದಲೇ ಚಿತ್ರ ಪಾರ್ಕರ್ ಅವರನ್ನು ನೋಡುತ್ತದೆ. ಹದಿಹರೆಯದಲ್ಲೇ ಅವರನ್ನು ಮದುವೆಯಾದ ರೆಬೆಕಾ, ಆನಂತರ ಬಂದ ಇತರ ಹೆಂಡತಿಯರು ಆ ಕಿಟಕಿಗೆ ಕಾಣುವುದಿಲ್ಲ. ಕಂಡದ್ದು ಮಾತ್ರ ಬಹಳ ಹತ್ತಿರದಿಂದ ಕಂಡಿದೆ. 1954ರಲ್ಲಿ ಪುಟ್ಟ ಮಗಳು ಪ್ರೀ ತೀರಿಕೊಂಡಾಗ ಪಾರ್ಕರ್ ದೂರದ ಕ್ಯಾಲಿಫೋರ್ನಿಯಾದಲ್ಲಿದ್ದರು. ರಾತ್ರಿಯಿಡೀ ಚಾನ್ ಅವರಿಗೆ ಒಂದಾದ ಮೇಲೊಂದು ತಂತಿ ಕಳುಹಿಸುವ, ಒಂದಕ್ಕಿಂತ ಒಂದರಲ್ಲಿ ಮಾತು ಕುಸಿಯುವ ಆ ದೃಶ್ಯದಲ್ಲಿ ಸ್ಯಾಕ್ಸೋಫೋನಿನ ಹಂಗಿಲ್ಲದೆ ವಿಟೇಕರ್ ನುಡಿಸಿದ್ದಾರೆ ಎಂದೇ ನಾನು ಹೇಳುವುದು.

ಇನ್ನೊಂದು ದಾರಿಯೂ ಇತ್ತೆಂದು ವಾದಿಸುವವರಿಗೆ ಬೆರ್ಟ್ರಾಂಡ್ ತವೆರ್ನಿಯೇ ಅವರ ‘ರೌಂಡ್ ಮಿಡ್‌ನೈಟ್’ ಉದಾಹರಣೆ ಸಿದ್ಧವಾಗಿದೆ. 1986ರ ಆ ಚಿತ್ರದಲ್ಲಿ ಮುಖ್ಯ ಪಾತ್ರ ಮಾಡಿದ ಡೆಕ್ಸ್ಟರ್ ಗಾರ್ಡನ್ ನಿಜವಾದ ಸ್ಯಾಕ್ಸೋಫೋನ್ ವಾದಕರು. ಸಂಗೀತವನ್ನು ಚಿತ್ರೀಕರಣದ ಸ್ಥಳದಲ್ಲೇ ನೇರವಾಗಿ ನುಡಿಸಿ ಮುದ್ರಿಸಿದರು, ಗಾರ್ಡನ್ ಅವರ ಹೆಸರು ಅತ್ಯುತ್ತಮ ನಟರ ಆಸ್ಕರ್ ಪಟ್ಟಿಗೂ ಏರಿತು. ಆದರೆ ಅಲ್ಲಿನ ನಾಯಕ ಕಲ್ಪಿತ ವ್ಯಕ್ತಿ. ಕಲ್ಪಿತ ವಾದಕನಿಗೆ ಯಾರ ನಾದವಾದರೂ ಒಗ್ಗುತ್ತದೆ. ಪಾರ್ಕರ್ ಎಂದು ಹೆಸರಿಟ್ಟು ಬೇರೆಯವರ ನಾದ ಕೊಟ್ಟಿದ್ದರೆ, ಹದಿಹರೆಯದಲ್ಲಿ ಓಕ್‌ಲ್ಯಾಂಡ್‌ನಲ್ಲಿ ಪಾರ್ಕರ್ ಅವರನ್ನು ಎದುರಿಗೇ ಕೇಳಿದ್ದ ಈಸ್ಟ್‌ವುಡ್ ಅವರಿಗೆ ಅದು ಸಹ್ಯವಾಗುತ್ತಿರಲಿಲ್ಲವೆಂದು ನನ್ನ ಊಹೆ.

ನನ್ನ ತಕರಾರಿಗೆ ಚಿತ್ರದೊಳಗೇ ಒಂದು ಅಪವಾದವಿದೆ, ಅದಕ್ಕಾಗಿಯೇ ನಾನು ಚಿತ್ರವನ್ನು ಮತ್ತೆ ಮತ್ತೆ ಹಾಕುವುದು. ರೆಡ್ ರಾಡ್ನಿ ಎಂಬ ಬಿಳಿಯ ಟ್ರಂಪೆಟ್ ವಾದಕರು 1949ರಿಂದ ಪಾರ್ಕರ್ ಅವರ ತಂಡದಲ್ಲಿದ್ದರು. ವರ್ಣಭೇದದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ಕರಿಯರೊಂದಿಗೆ ವೇದಿಕೆ ಹತ್ತುವಂತಿರಲಿಲ್ಲವಾದ್ದರಿಂದ, ಪ್ರವಾಸದಲ್ಲಿ ಅವರನ್ನು ಹುಟ್ಟಿನಿಂದಲೇ ಮೈಬಣ್ಣವಿಲ್ಲದ ಕರಿಯ ಗಾಯಕ ‘ಆಲ್ಬಿನೋ ರೆಡ್’ ಎಂದು ಪರಿಚಯಿಸಲಾಗುತ್ತಿತ್ತು; ಚಿತ್ರದಲ್ಲಿ ಆ ಪ್ರಸಂಗವೂ ಇದೆ, ಯಹೂದಿ ಮದುವೆಮನೆಯಲ್ಲಿ ಇಡೀ ತಂಡ ಟೋಪಿ ಹಾಕಿಕೊಂಡು ನುಡಿಸುವ ಪ್ರಸಂಗವೂ ಇದೆ. ಆ ಪಾತ್ರವನ್ನು ಅಭಿನಯಿಸಿದವರು ಯುವ ನಟ ಮೈಕೆಲ್ ಝೆಲ್ನಿಕರ್. ಟ್ರಂಪೆಟ್ ನುಡಿಸಿದವರು ಮಾತ್ರ ಅರವತ್ತರ ಆಸುಪಾಸಿನಲ್ಲಿದ್ದ ರೆಡ್ ರಾಡ್ನಿ ಅವರೇ. ಒಂದು ಕಾಲದಲ್ಲಿ ಮಗ್ಗುಲಲ್ಲೇ ನಿಂತು ಕೇಳಿದ್ದ ಸ್ಯಾಕ್ಸೋಫೋನಿಗೆ ಮೂರು ದಶಕಗಳ ಮೇಲೆ ಮತ್ತೊಮ್ಮೆ ಜೊತೆ ಕೊಡುವಾಗ, ಅದು ಎಲ್ಲಿ ತಿರುಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಟ್ರಂಪೆಟ್ ಬರುವ ಕಡೆಗಳಲ್ಲಿ ನಾನು ಎದ್ದುಹೋಗಿ ಧ್ವನಿಯನ್ನು ಒಂದಿಷ್ಟು ಏರಿಸುತ್ತೇನೆ. ಪಕ್ಕದ ಮನೆಯವರು ಇದುವರೆಗೆ ಬಾಗಿಲು ತಟ್ಟಿಲ್ಲ.