ಹಟ್ಟಿ ಜಾತ್ರೆಯ ಕೊಬ್ಬರಿ ವಾಸನೆ

ಈ ಸಲ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಗೆ, ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗಿ ಬಂದೆ. ನಮ್ಮ ಬಾಯಲ್ಲಿ ಊರು ಹಟ್ಟಿ, ದೇವರು ತಿಪ್ಪೇಸ್ವಾಮಿ. ದಾವಣಗೆರೆಗೆ ವಾಪಸ್ ಬಂದು ತಲೆಗೆ ನೀರು ಹಾಕಿಕೊಂಡರೂ ಕೂದಲಿಂದ ಸುಟ್ಟ ಕೊಬ್ಬರಿ ವಾಸನೆ ಹೋಗಿಲ್ಲ. ಹೋಗುವುದೂ ಬೇಡ.

ಬೇರೆ ಕಡೆ ದೇವರಿಗೆ ಕಾಯಿ ಒಡೆಸುತ್ತಾರೆ, ಹಟ್ಟಿಯಲ್ಲಿ ಕೊಬ್ಬರಿ ಸುಡುತ್ತಾರೆ. ಸ್ವಾಮಿಯ ಸಮಾಧಿ ಇರುವ ಹೊರಮಠದ ಮುಂದೆ ಬೆಂಕಿ ಉರಿಯುತ್ತಲೇ ಇರುತ್ತದೆ. ಕೊಬ್ಬರಿ ಗಿಟುಕು ಬೆಂಕಿಗೆ ಬಿದ್ದ ತಕ್ಷಣ ಏನೂ ಆಗಲ್ಲ, ಸುಮ್ನೆ ಕಪ್ಪಾಗುತ್ತದೆ. ಆಮೇಲೆ ಅಂಚಿನಲ್ಲಿ ಎಣ್ಣೆ ಒಸರುತ್ತದೆ, ಚುರುಚುರು ಅನ್ನುತ್ತದೆ, ನೋಡನೋಡುತ್ತಲೇ ಭಗ್ಗನೆ ಹತ್ತಿಕೊಳ್ಳುತ್ತದೆ. ಮೇಲೆ ಫಾಲ್ಗುಣದ ಬಿಸಿಲು, ಕೆಳಗೆ ಸುಡುವ ನೆಲ, ಮಧ್ಯೆ ಆ ಜಿಡ್ಡು ಹೊಗೆ. ಕಣ್ಣಲ್ಲಿ ನೀರು ಬರುತ್ತದೆ. ಅದು ಭಕ್ತಿಯಿಂದಲೋ ಹೊಗೆಯಿಂದಲೋ ಯಾರೂ ಕೇಳಲ್ಲ, ಅದೇ ಒಂದು ಅನುಕೂಲ.

ನನಗೆ ಆ ವಾಸನೆ ಅಂದರೆ ನನ್ನ ಅಜ್ಜಿ. ಚಳ್ಳಕೆರೆ ಕಡೆಯ ಹಳ್ಳಿಯವಳು. ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇರಲೇಬೇಕು, ಚಳ್ಳಕೆರೆ ಬಸ್ ಸ್ಟ್ಯಾಂಡಲ್ಲಿ ನಿಂತು ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅಜ್ಜಿಯ ಹಿರಿಮಗನ ಹೆಸರೂ ಅದೇ. ಅವನನ್ನು ಬೈಯಬೇಕಾದಾಗ ಮಾತ್ರ ಅಡ್ಡಹೆಸರು ಹಿಡಿದು ಬೈಯುತ್ತಿದ್ದಳು, ದೇವರ ಹೆಸರಿಗೆ ಬೈಗುಳ ತಾಗಬಾರದಲ್ವಾ. ಸಣ್ಣವಳಿದ್ದಾಗ ನನಗೆ ಮೈತುಂಬ ಕಜ್ಜಿ ಎದ್ದಿತ್ತಂತೆ. ಅಜ್ಜಿ ಹರಕೆ ಹೊತ್ತಳು. ವಾಸಿಯಾಯಿತು. ಅಲ್ಲಿಂದ ಪ್ರತಿ ಜಾತ್ರೆಗೂ ನನ್ನ ಕೈಯಿಂದಲೇ ಕೊಬ್ಬರಿ ಹಾಕಿಸುತ್ತಿದ್ದಳು. ಎಸೆಯಬಾರದು, ಬಗ್ಗಿ ಇಡಬೇಕು. ಬಿಸಿಗೆ ಮುಖ ಸುಟ್ಟಂತಾಗಿ ನಾನು ಹಿಂದೆ ಸರಿದರೆ ಬೆನ್ನಿಗೆ ಅವಳ ಹೊಟ್ಟೆ ತಾಗುತ್ತಿತ್ತು, ಅಷ್ಟು ಹತ್ತಿರ ನಿಂತಿರುತ್ತಿದ್ದಳು. ಆಮೇಲೆ ಬೂದಿ ತೆಗೆದು ನನ್ನ ಮೊಣಕೈ, ಕತ್ತು, ಕಿವಿಯ ಹಿಂದೆಲ್ಲ ಒರೆಸುತ್ತಿದ್ದಳು. ಕಜ್ಜಿ ಹೋಗಿ ವರ್ಷಗಳೇ ಆಗಿದ್ದರೂ ಸರಿ. ಉಳಿದ ಬೂದಿ ಸೆರಗಿನ ತುದಿಯಲ್ಲಿ ಗಂಟು. ಆ ಸೀರೆಯನ್ನು ಎಷ್ಟು ಒಗೆದರೂ ಯುಗಾದಿವರೆಗೆ ಅದೇ ವಾಸನೆ.

ಸ್ವಾಮಿಯ ಕಥೆಗಳೆಲ್ಲ ಅವಳ ಬಾಯಲ್ಲೇ ಕೇಳಿದ್ದು. ಒಂದು ರಾತ್ರಿ ತಂಗಲು ಮಾರಮ್ಮನ ಹತ್ತಿರ ಜಾಗ ಕೇಳಿ ಕೊನೆಗೆ ಗುಡಿಯನ್ನೇ ತನ್ನದು ಮಾಡಿಕೊಂಡ ಕಥೆ ನಿಮಗೂ ಗೊತ್ತೇ ಇರುತ್ತದೆ, ಈಗಿನ ಒಳಮಠ ಅದೇ. ಅದನ್ನು ಹೇಳುವಾಗ ಅಜ್ಜಿ ಮಾರಮ್ಮನ ಪಕ್ಷ! ‘ಪಾಪ, ಹೆಣ್ಣು ದೇವ್ರು, ಮರ್ಯಾದೆಗೆ ಬಿಟ್ಟುಕೊಟ್ಲು’ ಅನ್ನುತ್ತಿದ್ದಳು. ಆದರೆ ಅವಳಿಗೆ ಎಲ್ಲಕ್ಕಿಂತ ಇಷ್ಟದ ಕಥೆ ಕೆರೆಯದು. ಸ್ವಾಮಿ ಈ ಸೀಮೆಯಲ್ಲಿ ಐದು ಕೆರೆ ಕಟ್ಟಿಸಿದ ಅಂತ ಪ್ರತೀತಿ. ಕೆಲಸ ಮುಗಿದ ಮೇಲೆ ಕೂಲಿಯವರಿಗೆ ಮರಳಿನ ಗುಡ್ಡೆ ಮಾಡಲು ಹೇಳಿ, ನಿಮ್ಮ ನಿಮ್ಮ ಗುಡ್ಡೆ ಕೆದಕಿ ನೋಡಿಕೊಳ್ಳಿ ಅಂದನಂತೆ. ಯಾರು ಎಷ್ಟು ಮಣ್ಣು ಹೊತ್ತಿದ್ದರೋ ಅಷ್ಟೇ ದುಡ್ಡು. ಮೈಗಳ್ಳನ ಗುಡ್ಡೆಯಲ್ಲಿ ಬರೀ ಮರಳು. ‘ಮಾಡಿದಷ್ಟು ನೀಡು ಭಿಕ್ಷೆ’, ಅದೇ ಸ್ವಾಮಿಯ ಮಾತು.

ಈ ಮಾತನ್ನು ಅಜ್ಜಿ ಗೋಡೆ ಮೇಲೆ ಬರೆಸಿರಲಿಲ್ಲ, ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಳು. ಬೇಸಿಗೆ ರಜೆಯಲ್ಲಿ ಬಿತ್ತನೆ ಶೇಂಗಾ ಸುಲಿಯುವುದು ಮೊಮ್ಮಕ್ಕಳ ಕೆಲಸ. ಪಡಸಾಲೆಯಲ್ಲಿ ಸಾಲಾಗಿ ಕೂತು ಸುಲಿಯಬೇಕು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಕೆಂಪಗಾಗಿ ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ. ಬೇಳೆ ಒಡೆಯಬಾರದು, ಮೇಲಿನ ಕೆಂಪು ಸಿಪ್ಪೆ ಹೋಗಬಾರದು, ಹೋದರೆ ಅದು ಬಿತ್ತನೆಗಲ್ಲ, ಚಟ್ನಿಗೆ. ಸಂಜೆ ಒಬ್ಬೊಬ್ಬರ ಮುಂದೆ ಒಂದೊಂದು ಗುಡ್ಡೆ. ಅಜ್ಜಿ ಸೇರು ಹಿಡಿದು ಅಳೆದು, ಸೇರಿಗೆ ಇಷ್ಟು ಅಂತ ಚಿಲ್ಲರೆ ಕೊಡುತ್ತಿದ್ದಳು. ಒಂದು ಸಲ ಚಿಕ್ಕಪ್ಪನ ಮಗ ಗುಡ್ಡೆಯ ಅಡಿಗೆ ಸಿಪ್ಪೆ ತುಂಬಿ ಮೇಲೆ ಬೀಜ ಹರಡಿದ್ದ. ಅಜ್ಜಿ ಏನೂ ಮಾತಾಡಲಿಲ್ಲ. ಬೆರಳು ಗುಡ್ಡೆಯೊಳಗೆ ತೂರಿಸಿ, ಒಂದು ಹಿಡಿ ಸಿಪ್ಪೆ ತೆಗೆದು ಅವನ ಅಂಗೈಗೆ ಹಾಕಿ, ಬೆರಳು ಮಡಚಿ, ಮುಂದಿನವನ ಹತ್ತಿರ ಹೋದಳು. ಅವನು ಅತ್ತ. ಯಾರೋ ಅವನ ಪರ ವಕಾಲತ್ತು ವಹಿಸಲು ಹೋದರೆ, ‘ಸ್ವಾಮಿನೇ ಪುಕ್ಸಟ್ಟೆ ಕೊಡ್ಲಿಲ್ಲ, ನಾನ್ಯಾರು ಕೊಡಾಕೆ?’ ಅಂದಳು. ರಾತ್ರಿ ಊಟಕ್ಕೆ ಮಾತ್ರ ಅವನ ತಟ್ಟೆಗೆ ಶೇಂಗಾ ಹೋಳಿಗೆ ಒಂದು ಜಾಸ್ತಿ ಬಿತ್ತು, ಅದನ್ನು ನಾವೆಲ್ಲ ನೋಡಿದೆವು.

ಅಜ್ಜನ ಭಕ್ತಿ ಬೇರೆ ಥರ. ಒಳಗೆ ನೂಕುನುಗ್ಗಲು ಅಂತ ಮಠದ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನಮ್ಮನ್ನು ಕಳಿಸಿ ತಾನು ಕೆರೆ ಏರಿ ಮೇಲೆ ಹೋಗಿ ನಿಲ್ಲುತ್ತಿದ್ದ. ನೀರಿದ್ದ ವರ್ಷ ನೀರಿಗೆ ಕೈ ಮುಗಿಯುತ್ತಿದ್ದ, ಇಲ್ಲದ ವರ್ಷ ಒಡೆದ ಮಣ್ಣಿಗೆ. ಆಗ ನಮಗೆ ನಗು ಬರುತ್ತಿತ್ತು. ಈಗ ಅನ್ನಿಸುತ್ತದೆ, ಬರದ ಸೀಮೆಯವನಿಗೆ ಅದಕ್ಕಿಂತ ಪೂಜೆ ಯಾವುದಿದೆ? ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ನಮ್ಮವರ ಬಾಯಲ್ಲಿ ಮಾರಿಕಣಿವೆ ಡ್ಯಾಮ್, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಆ ಮಧ್ಯೆಯೇ ಅಜ್ಜ ಹುಟ್ಟಿ, ಉತ್ತು, ಬಿತ್ತಿ, ಹೋಗಿಬಿಟ್ಟ. ‘ಮಾರಿಕಣಿವೆ ತುಂಬಿದ್ದು ನಮ್ಮಪ್ಪ ನೋಡಿದ್ದ’ ಅನ್ನುವುದೇ ಅವನಿಗೆ ದೊಡ್ಡ ವಿಷಯ.

ಈಗಿನ ಜಾತ್ರೆಯಲ್ಲಿ ಜನ ಕಡಿಮೆಯಾಗಿಲ್ಲ, ಅದು ಸಂತೋಷ. ತೇರಿನ ದಿನ ಕಾಲಿಡಲೂ ಜಾಗವಿಲ್ಲ, ಸ್ವಾಮಿಯ ಧ್ವಜವಾದ ಮುಕ್ತಿ ಬಾವುಟ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತದೆ. ಆದರೆ ಒಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೊಬ್ಬರಿಯನ್ನು ದೂರದಿಂದ ಬೀಸಿ ಎಸೆದು, ಅದು ಬೆಂಕಿಗೆ ಬಿತ್ತೋ ಇಲ್ಲವೋ ನೋಡದೆ ಮೊಬೈಲ್ ಕಡೆ ತಿರುಗುವವರೇ ಜಾಸ್ತಿ. ನನ್ನ ಪಕ್ಕದಲ್ಲಿದ್ದ ಹುಡುಗ ಹಾಕಿದ್ದು ಪ್ಲಾಸ್ಟಿಕ್ ಕವರ್ ಸಮೇತ. ಆ ಜಾಗದಲ್ಲಿ ನನ್ನ ಅಜ್ಜಿ ಇದ್ದಿದ್ದರೆ ಕವರ್ ತೆಗೆಸದೆ ಬಿಡುತ್ತಿರಲಿಲ್ಲ. ನಾನು ಹೇಳಿದೆ, ಅವನು ‘ಆಂಟಿ, ಸ್ವಲ್ಪ ಸರೀರಿ’ ಅಂದ.

ಇನ್ನು ಕೆರೆ ಕಡೆಯಂತೂ ಯಾರೂ ಹೋಗುವುದಿಲ್ಲ. ಕೆರೆ ಕಟ್ಟಿದ ದೇವರ ಜಾತ್ರೆ, ಬಂದವರಿಗೆ ಕೆರೆ ಎಲ್ಲಿದೆ ಅಂತ ಗೊತ್ತಿಲ್ಲ! ನಮ್ಮ ಹಳ್ಳಿಗಳ ಕೆರೆಗಳಲ್ಲೂ ಹೂಳು, ಸೀಮೆಜಾಲಿ. ಹೂಳೆತ್ತಿಸಿ ಅಂತ ಅರ್ಜಿ ಕೊಡುತ್ತೇವೆ, ಮಳೆ ಕೊಡಪ್ಪ ಅಂತ ಸ್ವಾಮಿಗೂ ಅರ್ಜಿ ಹಾಕುತ್ತೇವೆ. ಮಂಕರಿ ಹಿಡಿದು ಇಳಿಯುವವರು ಮಾತ್ರ ಇಲ್ಲ.

ಮುಂದಿನ ವರ್ಷ ಹಟ್ಟಿಗೆ ಹೋಗುವವರು ಒಳಮಠ, ಹೊರಮಠ ಮುಗಿಸಿ ಸೀದಾ ಬಸ್ ಹತ್ತಬೇಡಿ. ಚಿಕ್ಕಕೆರೆ ಎಲ್ಲಿ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ತಲೆಗೊಂದು ಟವೆಲ್ ಇರಲಿ, ಬಿಸಿಲು ವಿಪರೀತ.