ಯಾವ ಎಟಿಒ ಕೊಳ್ಳಲಿ ಎಂದು ಕೇಳುವವರಿಗೆ

ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಆವಿಯಾಗಿ ಹೋದ ನೀರನ್ನು ತಾನಾಗಿಯೇ ತುಂಬುವ ಸಾಧನ, ಅಂದರೆ ಎಟಿಒ, ಹಾಕಿಸಬೇಕೆಂದಿದ್ದೇನೆ. ಯಾವುದನ್ನು ಕೊಳ್ಳಲಿ?" ಕೇಳುವವರಿಗೆ ಬೇಕಾಗಿರುವುದು ಒಂದು ಹೆಸರು. ನಾನು ಮಾತ್ರ ಅವರನ್ನೇ ಎರಡು ವಿಷಯ ಕೇಳುತ್ತೇನೆ. ನಿಮ್ಮ ತೊಟ್ಟಿಯಿಂದ ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ? ಆ ಸಾಧನದ ಪಂಪು ಕೆಟ್ಟು ರಾತ್ರಿಯಿಡೀ ನಿಲ್ಲದೆ ಓಡಿದರೆ ಎಷ್ಟು ನೀರು ಒಳಗೆ ಬೀಳುತ್ತದೆ? ಈ ಎರಡಕ್ಕೂ ಲೀಟರಿನ ಲೆಕ್ಕದಲ್ಲಿ ಉತ್ತರ ಸಿಕ್ಕಿತೆಂದರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆಯೇ.

ನೀರು ಆವಿಯಾಗುವಾಗ ಬರಿಯ ನೀರಷ್ಟೇ ಹೋಗುತ್ತದೆ, ಅದರಲ್ಲಿ ಕರಗಿದ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಸಮುದ್ರದ ಜೀವಿಗಳನ್ನು ಸಾಕುವವರಿಗೆ ಇಡೀ ವಿಷಯದ ಬೇರು ಇಲ್ಲಿದೆ. ಸಮುದ್ರದ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪಿರುತ್ತದೆ. 200 ಲೀಟರಿನ ವ್ಯವಸ್ಥೆಯೊಂದರಿಂದ ದಿನಕ್ಕೆ 2 ಲೀಟರ್ ಹೋಗುತ್ತದೆ ಎಂದುಕೊಳ್ಳಿ. ಐದು ದಿನ ನೀರು ಹಾಕದಿದ್ದರೆ 10 ಲೀಟರ್ ಕಡಿಮೆಯಾಗಿ, ಉಪ್ಪಿನಂಶ 35ರಿಂದ 36.8ಕ್ಕೆ ಏರುತ್ತದೆ. ಆರನೆಯ ದಿನ ನೆನಪಾಗಿ ಒಂದೇ ಸಲಕ್ಕೆ ಬಕೆಟ್ ನೀರು ಸುರಿದರೆ ಅದು ಕೆಲವೇ ನಿಮಿಷಗಳಲ್ಲಿ ಮತ್ತೆ 35ಕ್ಕೆ ಇಳಿಯುತ್ತದೆ. ಈ ಏರಿಳಿತ ವಾರವಾರವೂ ನಡೆಯುತ್ತಿದ್ದರೆ ಮೀನುಗಳು ಹೇಗೋ ತಡೆದುಕೊಂಡಾವು, ಹವಳಗಳಿಗೆ ಅದು ಕಷ್ಟ. ಎಟಿಒ ಮಾಡುವ ಕೆಲಸವೆಂದರೆ ಅದೇ ನೀರನ್ನು ದಿನವಿಡೀ ಲೋಟದಷ್ಟು ಲೋಟದಷ್ಟಾಗಿ ಸೇರಿಸುವುದು. ಸೇರಿಸುವ ನೀರು ಉಪ್ಪಿಲ್ಲದ, ಸಾಧ್ಯವಾದಷ್ಟು ಶುದ್ಧವಾದ ಆರ್‌ಒ ನೀರಾಗಿರಬೇಕು. ಎಟಿಒ ನೀರೆಳೆದುಕೊಳ್ಳುವ ಕ್ಯಾನಿಗೆ ಉಪ್ಪು ಬೆರೆಸಿದ ನೀರನ್ನು ತುಂಬಿದ ಹೊಸಬರನ್ನು ನಾನು ಕಂಡಿದ್ದೇನೆ, ಅವರ ತೊಟ್ಟಿಯಲ್ಲಿ ಉಪ್ಪು ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ.

ಸಿಹಿನೀರಿನ ಮೀನು ಸಾಕುವವರಲ್ಲಿ ಹೆಚ್ಚಿನವರಿಗೆ ಎಟಿಒ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಮುಚ್ಚಳವಿರುವ ಚಿಕ್ಕ ತೊಟ್ಟಿಗೆ ವಾರಕ್ಕೊಮ್ಮೆ ನೀರು ಬದಲಿಸುವಾಗ ಕೊರತೆಯನ್ನು ತುಂಬಿಕೊಂಡರೆ ಸಾಕು. ಗಿಡಗಳನ್ನು ಬೆಳೆಸುವ, ಮುಚ್ಚಳವಿಲ್ಲದ ದೊಡ್ಡ ತೊಟ್ಟಿಯಾದರೆ ಮಾತು ಬೇರೆ. ಅಲ್ಲಿಯೂ ಗಡಸು ನೀರನ್ನು ಎಟಿಒ ಮೂಲಕ ಬಿಡುವುದು ಒಳ್ಳೆಯದಲ್ಲ. ಟಿಡಿಎಸ್, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುವ ಕರಗಿದ ಖನಿಜಗಳ ಪ್ರಮಾಣ, 300 ಇರುವ ನೀರನ್ನು ದಿನಕ್ಕೆ 2 ಲೀಟರಿನಂತೆ ಸೇರಿಸುತ್ತ ಹೋದರೆ ಒಂದು ತಿಂಗಳಿಗೆ ಸುಮಾರು 18 ಗ್ರಾಂ ಖನಿಜ ತೊಟ್ಟಿಯಲ್ಲಿ ಶೇಖರವಾಗುತ್ತದೆ.

ಆವಿಯ ಲೆಕ್ಕ ಹಾಕುವುದು ಕಷ್ಟವೇನಲ್ಲ. ಮುಖ್ಯ ತೊಟ್ಟಿಯ ಕೆಳಗೆ, ಫಿಲ್ಟರು ಪಂಪುಗಳಿರುವ ಇನ್ನೊಂದು ತೊಟ್ಟಿ, ಅಂದರೆ ಸಂಪ್ ಇದ್ದರೆ, ನೀರು ಕಡಿಮೆಯಾದದ್ದು ಕಾಣಿಸುವುದು ಮೇಲಿನ ತೊಟ್ಟಿಯಲ್ಲಲ್ಲ. ನೀರನ್ನು ಮೇಲಕ್ಕೆ ತಳ್ಳುವ ಪಂಪು ಇರುವ ಸಂಪಿನ ಕೊನೆಯ ಕೋಣೆಯಲ್ಲಿ ಮಟ್ಟ ಇಳಿದಿರುತ್ತದೆ. ಆ ಕೋಣೆಯ ಗಾಜಿಗೆ ಹೊರಗಿನಿಂದ ಒಂದು ತುಂಡು ಟೇಪು ಅಂಟಿಸಿ ಈಗಿನ ಮಟ್ಟವನ್ನು ಗುರುತು ಹಾಕಿಕೊಳ್ಳಿ. ದಿನವೂ ಒಂದೇ ಹೊತ್ತಿಗೆ, ಪಂಪು ಓಡುತ್ತಿರುವಾಗಲೇ, ಅಳತೆಯ ಪಾತ್ರೆಯಿಂದ ಆ ಗುರುತಿನವರೆಗೆ ನೀರು ತುಂಬಿ, ಎಷ್ಟು ಹಿಡಿಯಿತೆಂದು ಬರೆದಿಡಿ. ಒಂದು ವಾರ ಹೀಗೆ ಮಾಡಿದರೆ ನಿಮ್ಮ ತೊಟ್ಟಿಯ ಸ್ವಭಾವ ತಿಳಿಯುತ್ತದೆ. ಸೆಕೆಗಾಲದಲ್ಲಿ ನೀರನ್ನು ತಂಪಾಗಿಡಲು ಫ್ಯಾನ್ ಹಚ್ಚುವವರು ಆ ದಿನಗಳಲ್ಲಿ ಇನ್ನೊಮ್ಮೆ ಅಳೆಯಬೇಕು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಜೊತೆಗೆ ಒಯ್ಯುತ್ತದೆ, ಫ್ಯಾನ್ ಕೆಲಸ ಮಾಡುವುದೂ ಹೀಗೆಯೇ. ಆದ್ದರಿಂದ ಆವಿಯನ್ನು ಶತ್ರುವೆಂದು ಭಾವಿಸಿ ತೊಟ್ಟಿಯನ್ನು ಬಿಗಿಯಾಗಿ ಮುಚ್ಚುವ ಅಗತ್ಯವಿಲ್ಲ.

ಇನ್ನು ನೀರಿನ ಮಟ್ಟವನ್ನು ಗುರುತಿಸುವ ಸೆನ್ಸರಿನ ಮಾತು. ಎಲ್ಲಕ್ಕಿಂತ ಹಳೆಯದು, ಸರಳವಾದದ್ದು ಫ್ಲೋಟ್ ಸ್ವಿಚ್. ಕಡ್ಡಿಯೊಂದರ ಮೇಲೆ ಬೆಂಡಿನಂಥ ಚಿಕ್ಕ ಫ್ಲೋಟ್ ಏರಿಳಿಯುತ್ತದೆ. ಅದು ಇಳಿದರೆ ಪಂಪು ಶುರುವಾಗುತ್ತದೆ, ಏರಿದರೆ ನಿಲ್ಲುತ್ತದೆ. ನನ್ನ ಮೊದಲ ಎಟಿಒ ಇದೇ ಬಗೆಯದು, ಎರಡು ವರ್ಷ ಚೆನ್ನಾಗಿಯೇ ಕೆಲಸ ಮಾಡಿತ್ತು. ಒಂದು ದಿನ ಬೆಳಗ್ಗೆ ಎದ್ದಾಗ ಕಪಾಟಿನೊಳಗಿಂದ ಖಾಲಿ ಪಂಪು ಗರಗರ ಎನ್ನುವ ಸದ್ದು ಕೇಳಿಸಿತು. ಬಾಗಿಲು ತೆರೆದು ಟಾರ್ಚು ಬಿಟ್ಟು ನೋಡಿದರೆ, ಸಂಪಿನ ನೀರು ಅಂಚಿಗೆ ಎರಡು ಬೆರಳಷ್ಟೇ ಬಾಕಿ ಇರುವಂತೆ ತುಂಬಿತ್ತು, ಆರ್‌ಒ ನೀರಿನ ಕ್ಯಾನು ಬರಿದಾಗಿತ್ತು. ಪಾಚಿ ತಿನ್ನಲೆಂದು ನಾನೇ ಬಿಟ್ಟಿದ್ದ ಬಸವನಹುಳುವೊಂದು ಹೇಗೋ ಸಂಪಿಗಿಳಿದು ಫ್ಲೋಟಿನ ಮೇಲೆ ಹತ್ತಿ ಕುಳಿತಿತ್ತು. ಅದರ ಭಾರಕ್ಕೆ ಫ್ಲೋಟ್ ಮುಳುಗಿಯೇ ಇತ್ತು, ನೀರು ಇನ್ನೂ ಕಡಿಮೆಯಿದೆ ಎಂದು ತಿಳಿದ ಪಂಪು ರಾತ್ರಿಯೆಲ್ಲ ಓಡಿತ್ತು. ಅದೃಷ್ಟಕ್ಕೆ ಹಿಂದಿನ ದಿನ ಕ್ಯಾನು ತುಂಬಿಸುವುದನ್ನು ಮರೆತಿದ್ದೆ. ಅದರಲ್ಲಿ 12 ಲೀಟರ್ ಮಾತ್ರ ಇದ್ದುದರಿಂದ, 180 ಲೀಟರಿನ ನನ್ನ ವ್ಯವಸ್ಥೆಯ ಉಪ್ಪಿನಂಶ 33ರ ಹತ್ತಿರ ನಿಂತಿತು. ಒಂದು ಹವಳ ಮೂರು ದಿನ ಮುದುಡಿಕೊಂಡಿದ್ದು ಬಿಟ್ಟರೆ ಬೇರೆ ನಷ್ಟವಾಗಲಿಲ್ಲ.

ಅಂದಿನಿಂದ ಫ್ಲೋಟ್ ಸ್ವಿಚ್ ಬೇಡ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಅದರ ಸುತ್ತ ರಂಧ್ರಗಳಿರುವ ಕವಚವಿರಲಿ, ತಿಂಗಳಿಗೊಮ್ಮೆ ತೆಗೆದು ವಿನೆಗರಿನಲ್ಲಿ ನೆನೆಸಿ ಉಪ್ಪಿನ ಹರಳನ್ನು ತೊಳೆಯಿರಿ, ಮೇಲ್ಗಡೆ ಎರಡನೆಯ ಸೆನ್ಸರ್ ಇರಲಿ ಎನ್ನುತ್ತೇನೆ. ಎರಡನೆಯ ಸೆನ್ಸರಿಗೆ ಒಂದೇ ಕೆಲಸ: ನೀರು ತನ್ನನ್ನು ಮುಟ್ಟಿದ ಕೂಡಲೇ, ಮೊದಲನೆಯದು ಏನೇ ಹೇಳುತ್ತಿರಲಿ, ಪಂಪಿಗೆ ಕರೆಂಟು ಕಡಿಯುವುದು.

ಆಪ್ಟಿಕಲ್ ಸೆನ್ಸರಿನಲ್ಲಿ ಚಲಿಸುವ ಭಾಗವೇ ಇಲ್ಲ. ಅದರ ಪಾರದರ್ಶಕ ತುದಿಯೊಳಗೆ ಇನ್‌ಫ್ರಾರೆಡ್ ಬೆಳಕು ಹೊರಡುತ್ತದೆ. ತುದಿ ಗಾಳಿಯಲ್ಲಿದ್ದರೆ ಬೆಳಕು ಒಳಗೇ ಪ್ರತಿಫಲಿಸಿ ಗ್ರಾಹಕಕ್ಕೆ ಹಿಂದಿರುಗುತ್ತದೆ, ನೀರಿನಲ್ಲಿದ್ದರೆ ಹೊರಗೆ ಸೋರಿಹೋಗುತ್ತದೆ. ಗಾತ್ರ ಚಿಕ್ಕದು, ಮಟ್ಟದ ನಿಖರತೆ ಹೆಚ್ಚು, ಬಸವನಹುಳುವಿನ ಭಾರಕ್ಕೆ ಬಾಗುವಂಥದ್ದಲ್ಲ. ಆದರೆ ಅದಕ್ಕೂ ಮೋಸವಾಗುತ್ತದೆ. ತುದಿಗೆ ಪಾಚಿ ಕಟ್ಟಿದರೆ ಅಥವಾ ನೀರಿನ ಹನಿ ಅಂಟಿಕೊಂಡರೆ ನೀರಿದೆ ಎಂದುಕೊಂಡು ತುಂಬುವುದನ್ನು ನಿಲ್ಲಿಸಬಹುದು. ಗಾಳಿಗುಳ್ಳೆಗಳು ಮುತ್ತಿಕೊಂಡರೆ ಅಥವಾ ಪ್ರಖರವಾದ ಬೆಳಕು ನೇರವಾಗಿ ಬಿದ್ದರೆ ನೀರಿಲ್ಲ ಎಂದುಕೊಂಡು ತುಂಬುತ್ತಲೇ ಇರಬಹುದು. ಗುಳ್ಳೆಗಳು ಬಂದು ಬೀಳುವ ಜಾಗದಿಂದ ದೂರ, ಸಂಪಿನ ಲೈಟಿಗೆ ಮರೆಯಾಗಿ ಅದನ್ನು ಕೂರಿಸುವುದು ಮುಖ್ಯ. ಕೆಲಸದ ಸೆನ್ಸರ್ ಆಪ್ಟಿಕಲ್ ಆಗಿದ್ದು ಮೇಲಿನ ಕಾವಲು ಸೆನ್ಸರ್ ಫ್ಲೋಟ್ ಆಗಿರುವ ಜೋಡಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಏಕೆಂದರೆ ಒಂದನ್ನು ಕೆಡಿಸುವ ಕಾರಣ ಇನ್ನೊಂದನ್ನು ಅದೇ ಹೊತ್ತಿಗೆ ಕೆಡಿಸುವುದು ಅಪರೂಪ.

ಕರೆಂಟೇ ಬೇಡದ ದಾರಿಯೂ ಉಂಟು. ಮೇಲಿಟ್ಟ ಕ್ಯಾನಿನಿಂದ ನೀರು ತಾನಾಗಿ ಇಳಿದು, ತುದಿಯಲ್ಲಿ ಫ್ಲೋಟ್ ವಾಲ್ವ್ ಅದನ್ನು ತಡೆಯುವ ವ್ಯವಸ್ಥೆ ಅದು. ಅದನ್ನು ಮಾಡಿಕೊಳ್ಳುವವರಿಗೆ ಒಂದೇ ಎಚ್ಚರಿಕೆ: ಮನೆಯ ನೀರಿನ ಟ್ಯಾಂಕಿಗೆ ಹಾಕುವ ಹಿತ್ತಾಳೆಯ ವಾಲ್ವನ್ನು ಇಲ್ಲಿಗೆ ತರಬೇಡಿ. ಹಿತ್ತಾಳೆಯಲ್ಲಿ ತಾಮ್ರವಿದೆ, ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ. ನೀರು ಮುಟ್ಟುವ ಭಾಗವೆಲ್ಲ ಪ್ಲಾಸ್ಟಿಕ್ಕಿನದೇ ಆಗಿರಲಿ.

ಕೊಳ್ಳುವವರು ಅತಿ ಕಡಿಮೆ ಯೋಚಿಸುವುದು, ನಾನು ಅತಿ ಹೆಚ್ಚು ಯೋಚಿಸುವುದು, ನೀರು ಶೇಖರಿಸಿಡುವ ಕ್ಯಾನಿನ ಗಾತ್ರದ ಬಗ್ಗೆ. ಸೆನ್ಸರ್, ಟೈಮರ್, ರಿಲೇ ಎಲ್ಲವೂ ಒಟ್ಟಿಗೆ ಕೈಕೊಟ್ಟರೂ ಕ್ಯಾನಿನಲ್ಲಿ ಇಲ್ಲದ ನೀರು ತೊಟ್ಟಿಗೆ ಬೀಳಲಾರದು. ಮೇಲೆ ಹೇಳಿದ 200 ಲೀಟರಿನ ವ್ಯವಸ್ಥೆಗೆ ವಾರಕ್ಕಾಗುವಷ್ಟು, ಅಂದರೆ 14 ಲೀಟರಿನ ಕ್ಯಾನು ಇಟ್ಟಿದ್ದರೆ, ಅದಷ್ಟೂ ಒಮ್ಮೆಗೇ ಸುರಿದರೂ ಉಪ್ಪಿನಂಶ 32.7ಕ್ಕೆ ನಿಲ್ಲುತ್ತದೆ. ಅದು ಕೆಟ್ಟ ದಿನವೇ, ಆದರೂ ಸುಧಾರಿಸಿಕೊಳ್ಳಬಹುದು. ಮೂರು ವಾರಕ್ಕೊಮ್ಮೆ ತುಂಬಿದರೆ ಸಾಕೆಂದು 50 ಲೀಟರಿನ ಡ್ರಮ್ ಇಟ್ಟವರ ತೊಟ್ಟಿ ಅದೇ ಸಂದರ್ಭದಲ್ಲಿ 28ಕ್ಕೆ ಇಳಿಯುತ್ತದೆ, ಹೆಚ್ಚಿನ ಹವಳಗಳು ಇಂಥ ಹಠಾತ್ ಇಳಿತವನ್ನು ಸಹಿಸುವುದಿಲ್ಲ. ಜೊತೆಗೆ ಆ ನೀರೆಲ್ಲ ಹಿಡಿಯಲು ಸಂಪಿನಲ್ಲಿ ಜಾಗವಿರಬೇಕು. ಕರೆಂಟು ಹೋದಾಗ ಮೇಲಿನ ತೊಟ್ಟಿಯಿಂದ ಒಂದಷ್ಟು ನೀರು ಕೆಳಗಿಳಿಯುತ್ತದೆ. 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಮಟ್ಟ ಕೇವಲ 2 ಸೆಂಟಿಮೀಟರ್ ಇಳಿದರೂ ಅದು 8 ಲೀಟರ್ ಆಗುತ್ತದೆ. ಅದನ್ನೂ ಕ್ಯಾನಿನ 14 ಲೀಟರನ್ನೂ ಕೂಡಿಸಿ, 22 ಲೀಟರಿನಷ್ಟು ಖಾಲಿ ಜಾಗ ಸಂಪಿನಲ್ಲಿ ಇದ್ದರೆ ಮಾತ್ರ ನೆಲ ಒದ್ದೆಯಾಗುವುದಿಲ್ಲ. ಊರಿಗೆ ಹೋಗುವವರು ದೊಡ್ಡ ಡ್ರಮ್ಮೇ ಬೇಕೆನ್ನುತ್ತಾರೆ. ಅವರಿಗೆ ನನ್ನ ಸಲಹೆ, ಡ್ರಮ್ಮಿಗಿಂತ ವಾರದ ನಡುವೆ ಬಂದು ಕ್ಯಾನು ತುಂಬಿಸಿ ಹೋಗುವ ನೆರೆಯವರನ್ನು ಹುಡುಕಿಕೊಳ್ಳಿ ಎಂಬುದು.

ಕ್ಯಾನಿನಿಂದ ಬರುವ ಪೈಪಿನ ತುದಿಯನ್ನು ಎಲ್ಲಿಡಬೇಕು ಎಂಬುದೂ ಸಣ್ಣ ವಿಷಯವಲ್ಲ. ಆ ತುದಿ ಕ್ಯಾನಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಪಂಪು ಒಮ್ಮೆ ಓಡಿ ನಿಂತ ಮೇಲೂ ಸೈಫನ್ ಆಗಿ ನೀರು ಹರಿಯುತ್ತಲೇ ಇರುತ್ತದೆ, ಸೆನ್ಸರ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ತಡೆಯಲಾರದು. ತುದಿ ಸಂಪಿನ ನೀರಿನಲ್ಲಿ ಮುಳುಗಿದ್ದು ಕ್ಯಾನು ಕೆಳಗಿದ್ದರೆ ಇದರ ಉಲ್ಟಾ ನಡೆದು ಉಪ್ಪುನೀರು ಕ್ಯಾನಿಗೆ ಬರುತ್ತದೆ. ಕರೆಂಟು ಹೋದಾಗ ಸಂಪಿನ ನೀರು ಎಷ್ಟು ಏರುತ್ತದೋ ಅದಕ್ಕೂ, ತುಂಬಿದ ಕ್ಯಾನಿನ ಮಟ್ಟಕ್ಕೂ ಮೇಲೆ, ಗಾಳಿಯಲ್ಲಿ ಆ ತುದಿಯನ್ನು ಗಟ್ಟಿಯಾಗಿ ಕಟ್ಟಬೇಕು. ಜಾಗದ ಅಭಾವದಿಂದ ಹಾಗೆ ಮಾಡಲಾಗದಿದ್ದರೆ ಪೈಪಿನ ಅತಿ ಎತ್ತರದ ಜಾಗದಲ್ಲಿ, ನೀರು ಚಿಮ್ಮಿದರೂ ಸಂಪಿನೊಳಗೇ ಬೀಳುವಂತೆ, ಒಂದು ಚಿಕ್ಕ ತೂತು ಕೊರೆಯಬಹುದು. ಪಂಪು ನಿಂತಾಗ ಅಲ್ಲಿಂದ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ.

ಪಂಪು ನಿಧಾನವಾಗಿದ್ದಷ್ಟೂ ಒಳ್ಳೆಯದು. ಗಂಟೆಗೆ 600 ಲೀಟರಿನ ಪಂಪು ಒಂದು ನಿಮಿಷದಲ್ಲಿ 10 ಲೀಟರ್ ಸುರಿದುಬಿಡುತ್ತದೆ. ಗಂಟೆಗೆ 60 ಲೀಟರಿನದು ಅದೇ ಒಂದು ನಿಮಿಷದಲ್ಲಿ 1 ಲೀಟರ್ ಕೊಡುತ್ತದೆ. ಒಳ್ಳೆಯ ಸಾಧನಗಳಲ್ಲಿ ಪಂಪು ಇಷ್ಟು ಹೊತ್ತಿಗಿಂತ ಹೆಚ್ಚು ಓಡಿದರೆ ತಾನೇ ನಿಂತು ಅಲಾರಾಂ ಕೊಡುವ ಸೌಲಭ್ಯವಿರುತ್ತದೆ. ಕೊಳ್ಳುವಾಗ ಆ ಅವಧಿ ಎಷ್ಟು, ಅದನ್ನು ನಾವೇ ಬದಲಾಯಿಸಬಹುದೇ ಎಂದು ಕೇಳಿ ತಿಳಿಯಿರಿ. ಹತ್ತು ನಿಮಿಷದ ಮಿತಿಯನ್ನು ವೇಗದ ಪಂಪಿನ ಜೊತೆ ಕೊಟ್ಟರೆ ಅದು ಮಿತಿಯೇ ಅಲ್ಲ. ನೀರಿನ ಪಕ್ಕದಲ್ಲಿ 12 ಅಥವಾ 24 ವೋಲ್ಟಿನ ಡಿಸಿ ಪಂಪೇ ಇರಲಿ, ಅಡಾಪ್ಟರಿನ ವೈರು ಪ್ಲಗ್ಗಿಗೆ ಹೋಗುವ ಮೊದಲು ಒಂದು ಕಡೆ ಕೆಳಕ್ಕೆ ಜೋತುಬಿದ್ದಿರಲಿ. ವೈರಿನ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಎಟಿಒವನ್ನು ನೇರವಾಗಿ ಆರ್‌ಒ ಯಂತ್ರಕ್ಕೇ ಜೋಡಿಸಿಬಿಟ್ಟರೆ ಕ್ಯಾನು ತುಂಬಿಸುವ ಕೆಲಸವೇ ತಪ್ಪುತ್ತದಲ್ಲ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ಹಿಂದಿರುವುದು ಕೊನೆಯೇ ಇಲ್ಲದ ಕ್ಯಾನು. ಅಲ್ಲದೆ ಆರ್‌ಒ ಯಂತ್ರ ನಿಂತು ಮತ್ತೆ ಶುರುವಾದಾಗ ಮೊದಲು ಬರುವ ನೀರಿನಲ್ಲಿ ಟಿಡಿಎಸ್ ಹೆಚ್ಚಿರುತ್ತದೆ, ದಿನಕ್ಕೆ ಇಪ್ಪತ್ತು ಸಲ ಚೂರುಚೂರೇ ಓಡಿಸಿದರೆ ತೊಟ್ಟಿಗೆ ಸೇರುವುದೆಲ್ಲ ಆ ಮೊದಲ ನೀರೇ. ಹಾಗೆಯೇ ಹವಳಗಳಿಗೆ ಕ್ಯಾಲ್ಸಿಯಂ ಒದಗಿಸಲು ಎಟಿಒ ಕ್ಯಾನಿನಲ್ಲಿ ಸುಣ್ಣದ ತಿಳಿನೀರನ್ನು ತುಂಬುವ ರೂಢಿ ಅನುಭವಿಗಳಲ್ಲಿದೆ. ಅದರ ಪಿಎಚ್ 12ಕ್ಕೂ ಮೇಲಿರುವುದರಿಂದ, ಸಾಧನದ ನಡವಳಿಕೆಯನ್ನು ಒಂದು ವರ್ಷವಾದರೂ ನೋಡದೆ ಅದಕ್ಕೆ ಕೈಹಾಕಬಾರದು.

ಎಟಿಒ ಬಂದ ಮೇಲೆ ನಮ್ಮ ಕಣ್ಣಿಗೆ ಕಾಣದಂತಾಗುವ ಸಂಗತಿಗಳೂ ಇವೆ. ತೊಟ್ಟಿಯ ಜೋಡಣೆಯಲ್ಲಿ ಎಲ್ಲೋ ಹನಿಹನಿಯಾಗಿ ಸೋರುತ್ತಿದ್ದರೆ ಮೊದಲಾದರೆ ನೀರು ಇಳಿದದ್ದು ಗೊತ್ತಾಗುತ್ತಿತ್ತು. ಈಗ ಸೋರಿದ ಉಪ್ಪುನೀರಿನ ಜಾಗಕ್ಕೆ ಎಟಿಒ ಸಿಹಿನೀರನ್ನು ತಂದು ತುಂಬುತ್ತದೆ, ಮಟ್ಟ ಸರಿಯಾಗಿಯೇ ಇರುತ್ತದೆ, ಉಪ್ಪು ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸಾಧನ, ಅಂದರೆ ಪ್ರೋಟೀನ್ ಸ್ಕಿಮ್ಮರ್, ತೀರ ತೆಳುವಾದ ನೊರೆಯನ್ನು ಹೊರಹಾಕುತ್ತಿದ್ದರೂ ಫಲ ಇದೇ. ನೀರು ಬದಲಿಸಲೆಂದು ಸಂಪಿನಿಂದ ನೀರು ತೆಗೆಯುವಾಗ ಎಟಿಒ ಆರಿಸುವುದನ್ನು ಮರೆತರೆ ತೆಗೆದಷ್ಟನ್ನೂ ಅದು ಸಿಹಿನೀರಿನಿಂದ ತುಂಬಲು ಹೊರಡುತ್ತದೆ. ನಾನು ಕ್ಯಾನಿನ ಮೈಮೇಲೆ ಲೀಟರಿನ ಗೆರೆಗಳನ್ನು ಹಾಕಿಟ್ಟು, ತುಂಬಿಸಿದಾಗಲೆಲ್ಲ ತಾರೀಖನ್ನೂ ಎಷ್ಟು ಹಿಡಿಯಿತೆಂಬುದನ್ನೂ ಬರೆಯುತ್ತೇನೆ. ವಾರಕ್ಕೆ 14 ಲೀಟರ್ ಕುಡಿಯುತ್ತಿದ್ದ ತೊಟ್ಟಿ, ಹವೆಯಲ್ಲಿ ಬದಲಾವಣೆಯೇನೂ ಇಲ್ಲದೆ 19 ಕುಡಿದರೆ, ಅಂದು ಟಾರ್ಚು ಹಿಡಿದು ಎಲ್ಲ ಜೋಡಣೆಗಳನ್ನೂ ಮುಟ್ಟಿ ನೋಡುತ್ತೇನೆ.

ಇಷ್ಟಾದ ಮೇಲೂ ಒಂದನ್ನು ಹೇಳಿಬಿಡಿ ಎನ್ನುವವರಿಗೆ ನನ್ನ ಉತ್ತರ ಇದು: ಬೇರೆ ಬೇರೆ ಬಗೆಯ ಎರಡು ಸೆನ್ಸರ್, ಬದಲಾಯಿಸಬಹುದಾದ ಸಮಯದ ಮಿತಿ, ಗಂಟೆಗೆ ನೂರು ಲೀಟರಿನೊಳಗಿನ ಡಿಸಿ ಪಂಪು ಇರುವ ಯಾವುದೇ ಸಾಧನವಾದೀತು, ಜೊತೆಗೆ ವಾರದ ಆವಿಗೆ ಮೀರದ ಕ್ಯಾನು ಇರಲಿ. ತಂದು ಜೋಡಿಸಿದ ದಿನವೇ, ಪೈಪಿನ ತುದಿಯನ್ನು ಖಾಲಿ ಬಕೆಟ್ಟಿಗೆ ಬಿಟ್ಟು, ಕೆಳಗಿನ ಸೆನ್ಸರನ್ನು ನೀರಿನಿಂದ ಹೊರಗೆತ್ತಿ ಕೈಯಲ್ಲಿ ಹಿಡಿದುಕೊಂಡು ಗಡಿಯಾರ ನೋಡುತ್ತ ನಿಲ್ಲಿ. ಪಂಪು ಹೇಳಿದ ಹೊತ್ತಿಗೆ ತಾನೇ ನಿಲ್ಲುತ್ತದೆಯೇ, ಅಷ್ಟರಲ್ಲಿ ಬಕೆಟ್ಟಿಗೆ ಬಿದ್ದ ನೀರೆಷ್ಟು ಎಂದು ಅಳೆಯಿರಿ. ಆಮೇಲೆ ಮತ್ತೆ ಶುರುಮಾಡಿ, ಪಂಪು ಓಡುತ್ತಿರುವಾಗಲೇ ಮೇಲಿನ ಸೆನ್ಸರನ್ನು ಒಂದು ಲೋಟ ನೀರಿನಲ್ಲಿ ಅದ್ದಿ. ಅದ್ದಿದ ಕೂಡಲೇ ಪಂಪಿನ ಸದ್ದು ನಿಲ್ಲದಿದ್ದರೆ ಆ ಸಾಧನವನ್ನು ತೊಟ್ಟಿಗೆ ಹಾಕದೆ ಪೆಟ್ಟಿಗೆಗೆ ಹಿಂದಿರುಗಿಸಿ, ಅಂಗಡಿಗೆ ಮರಳಿ ಕೊಡಿ.